ನಾಲ್ಕು ಗಂಟೆಯ ಅಂತರ

ಮಾರ್ಚ್ 4, ಸೋಮವಾರ

ಲ್ಯಾಬ್ ನೋಟ್‌ಬುಕ್ಕಿನಲ್ಲಿ ಮನೆ ವಿಷಯ ಬರೆಯೋ ಹಾಗಿಲ್ಲ. ಪುಟಕ್ಕೆ ನಂಬರ್ ಇರುತ್ತೆ, ತಿಂಗಳಿಗೊಂದು ಸಲ ಮುಖ್ಯಸ್ಥರು ತಿರುವಿ ನೋಡಿ ಸಹಿ ಹಾಕ್ತಾರೆ. ಅದಕ್ಕೇ ಇದೊಂದು ಬೇರೆ ಪುಸ್ತಕ ತಂದೆ. ಯಾರೂ ಓದೋದಕ್ಕಲ್ಲ. ತಲೆಯಲ್ಲಿ ಗುಂಯ್ ಅನ್ನೋದನ್ನ ಎಲ್ಲಾದರೂ ಇಳಿಸಿಟ್ಟರೆ ನಾಳೆ ಕೆಲಸ ಸಾಗುತ್ತೆ, ಅಷ್ಟಕ್ಕೆ.

ತಮ್ಮನ ಗಂಟಲಲ್ಲಿರೋದು ಗಡ್ಡೆನೇ. ಇವತ್ತು ಡಾಕ್ಟರು ಖಚಿತ ಮಾಡಿದರು. ಆಪರೇಷನ್ ಬೇಡವಂತೆ, ವಿಕಿರಣ ಚಿಕಿತ್ಸೆ ಸಾಕಂತೆ. ಏಳು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಎರಡು ಸಲ. ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಎರಡಕ್ಕೊಂದು. ನಡುವೆ ಆರು ಗಂಟೆ ಬಿಡುವು.

"ಆ ಆರು ಗಂಟೆ ನಾನೇನ್ ಮಾಡ್ಲಿ ಡಾಕ್ಟ್ರೇ?" ಅಂದ ತಮ್ಮ.

"ಕಾಯ್ಬೇಕು" ಅಂದರು ಆಕೆ.

"ಸರಿ ಬಿಡಿ, ಅದು ನನ್ನ ಕಸುಬೇ."

ಅವನು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರ್ಕೊಂಡು ಇಪ್ಪತ್ತೆರಡು ವರ್ಷ ಕಳೆದವನು. ಡಾಕ್ಟರು ನಕ್ಕರು, ಅವನ ಹೆಂಡತಿ ನಗಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ಒಳಗೆ ನೀವು ಒಂದು ಮಾತೂ ಆಡ್ಲಿಲ್ಲ" ಅಂದಳು. ಆಡೋದೇನಿತ್ತು? ಡಾಕ್ಟರು ಹೇಳಿದ್ದೆಲ್ಲ ಸರಿಯಾಗೇ ಇತ್ತು.

ಮಾರ್ಚ್ 6, ಬುಧವಾರ

ತಮ್ಮನ ಹೆಂಡತಿ ಫೋನ್ ಮಾಡಿ, ನಿಮ್ಮ ಕೆಲಸ ನಿಜವಾಗಿ ಏನು ಅಂತ ಕೇಳಿದಳು. ಮದುವೆಯಾಗಿ ಬಂದು ಹದಿನೇಳು ವರ್ಷಕ್ಕೆ ಇದೇ ಮೊದಲು. ಶಾಲೆಯಲ್ಲಿ ಪಾಠ ಹೇಳೋಳು, ಅರ್ಥ ಆದೀತು ಅಂತ ಬಿಡಿಸಿ ಹೇಳಿದೆ.

ವಿಕಿರಣ ಬಿದ್ದರೆ ಜೀವಕೋಶದೊಳಗಿನ ಡಿಎನ್‌ಎ ಎಳೆ ತುಂಡಾಗುತ್ತೆ. ಗಡ್ಡೆಯ ಕೋಶದ್ದೂ ಆಗುತ್ತೆ, ಪಕ್ಕದಲ್ಲಿ ಏನೂ ತಪ್ಪು ಮಾಡದೆ ತನ್ನ ಪಾಡಿಗೆ ತಾನಿರೋ ಒಳ್ಳೆ ಕೋಶದ್ದೂ ಆಗುತ್ತೆ. ಒಳ್ಳೆ ಕೋಶ ತುಂಡಾದ ತುದಿಗಳನ್ನ ಹುಡುಕಿ ಮತ್ತೆ ಜೋಡಿಸ್ಕೊಳ್ಳುತ್ತೆ. ಗಡ್ಡೆಗೆ ಆ ಜಾಣತನ ಕಡಿಮೆ. ಒಳ್ಳೆಯದು ಚೇತರಿಸ್ಕೊಳ್ಳಲಿ ಅಂತಲೇ ಎರಡು ಏಟಿನ ನಡುವೆ ಬಿಡುವು ಕೊಡೋದು. ಆ ಜೋಡಣೆಗೆ ಎಷ್ಟು ಹೊತ್ತು ಬೇಕು ಅನ್ನೋದನ್ನ ನಾನು ಕಂಪ್ಯೂಟರಿನಲ್ಲಿ ಮಾಡಿ ನೋಡ್ತೀನಿ. ಅಲ್ಲಿ ಕೋಶವೂ ಇಲ್ಲ, ಎಳೆಯೂ ಇಲ್ಲ, ಬರೀ ಸಂಖ್ಯೆ. ಲಕ್ಷಗಟ್ಟಲೆ ಸುಳ್ಳು ತುಂಡು ಮಾಡ್ತೀನಿ, ಒಂದೊಂದೂ ಎಷ್ಟು ನಿಮಿಷಕ್ಕೆ ಕೂಡಿಕೊಳ್ತು ಅಂತ ಪ್ರೋಗ್ರಾಂ ಬರೆದಿಡುತ್ತೆ.

"ಹಾಗಾದ್ರೆ ಇವರಿಗೆ ಎಷ್ಟು ಹೊತ್ತು ಬೇಕು ಅತ್ತಿಗೆ?"

"ಇವನಿಗೆ ಅಂತ ಹೇಳೋಕಾಗಲ್ಲ. ಸರಾಸರಿ ಹೇಳಬಹುದು."

"ಸರಿ" ಅಂತ ಫೋನ್ ಇಟ್ಟಳು. ಏನು ತಪ್ಪು ಹೇಳಿದೆನೋ ಗೊತ್ತಾಗಲಿಲ್ಲ.

ಮಾರ್ಚ್ 8, ಶುಕ್ರವಾರ

ಕೆಳಗಿನ ಮಹಡಿಯಲ್ಲಿ ನಿಜವಾದ ಕೋಶಗಳನ್ನ ಗಾಜಿನ ತಟ್ಟೆಯಲ್ಲಿ ಬೆಳೆಸೋರು ಒಬ್ಬರಿದ್ದಾರೆ. ಮನಸ್ಸಿನಲ್ಲಿ ನಾನವರನ್ನ ತಟ್ಟೆಯಮ್ಮ ಅಂತೀನಿ. ಎದುರಿಗೆ ಮೇಡಂ. ಇಬ್ಬರೂ ಒಂದೇ ಯೋಜನೆಗೆ ದುಡಿಯೋದು: ಆರು ಗಂಟೆಯ ಬಿಡುವನ್ನ ನಾಲ್ಕಕ್ಕೆ ಇಳಿಸಬಹುದಾ ಅಂತ ನೋಡೋದು. ಆಸ್ಪತ್ರೆಯಲ್ಲಿರೋದು ಒಂದೇ ಯಂತ್ರ, ಸರದಿ ಬಾಗಿಲಾಚೆಗೂ ಬೆಳೆದಿದೆ.

ಇವತ್ತು ಮೆಟ್ಟಿಲು ಹತ್ತಿ ಬಂದರು. ಅವರಿಗೆ ಮಂಡಿ ನೋವು, ಆದರೂ ಲಿಫ್ಟ್ ಹತ್ತಲ್ಲ. ಕೈಯಲ್ಲಿ ಫೋಟೋಗಳು. ತುಂಡಾದ ಜಾಗ ಹಸಿರು ಚುಕ್ಕೆಯಾಗಿ ಕಾಣೋ ಹಾಗೆ ಬಣ್ಣ ಹಾಕಿರ್ತಾರೆ. ಚುಕ್ಕೆ ಮಾಯವಾದರೆ ಜೋಡಣೆ ಮುಗೀತು ಅಂತ ಲೆಕ್ಕ.

"ಚರ್ಮದ ಕೋಶ ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತೆ ಮೇಡಂ. ಆದ್ರೆ ನರದ ಕಡೆ ಕೋಶ ನೋಡಿ. ಆರು ಗಂಟೆ ಆದ್ಮೇಲೂ ಇಷ್ಟು ಚುಕ್ಕೆ ಉಳಿದಿವೆ."

"ನೀವು ಬಣ್ಣ ಸರಿಯಾಗಿ ತೊಳೆದಿಲ್ಲ" ಅಂದೆ.

"ಮೂರು ಸಲ ತೊಳೆದಿದ್ದೀನಿ."

"ನಾಲ್ಕನೇ ಸಲ ತೊಳೀರಿ."

ಮುಖ ಗಂಟಿಕ್ಕಿಕೊಂಡು ಇಳಿದು ಹೋದರು. ಹೋಗಲಿ. ನಾನು ಒಂದು ಸಲಕ್ಕೆ ಎರಡು ಲಕ್ಷ ತುಂಡು ನೋಡ್ತೀನಿ, ಅವರು ನೋಡೋದು ನಾನ್ನೂರು.

ಮಾರ್ಚ್ 11, ಸೋಮವಾರ

ತಮ್ಮನಿಗೆ ಇವತ್ತಿನಿಂದ ಶುರು. ಆಸ್ಪತ್ರೆ ಬಾಗಿಲ ತನಕ ಕಾರಿನಲ್ಲಿ ಬಿಟ್ಟು ಹಿಂದಿನ ಕಟ್ಟಡಕ್ಕೆ, ಅಂದರೆ ನಮ್ಮ ಲ್ಯಾಬಿಗೆ, ಬಂದುಬಿಟ್ಟೆ. ಅಲ್ಲಿ ಕೂತು ನಾನೇನು ಮಾಡಲಿ? ಕೈ ಹಿಡ್ಕೊಂಡು ಕೂರೋದು ನನಗೆ ಬರಲ್ಲ. ಯಾರಿಗೆ ಏನು ಬರುತ್ತೋ ಅದನ್ನ ಮಾಡಬೇಕು.

ಸಂಜೆ ಫೋನಿನಲ್ಲಿ ಹೇಳಿದ: ಮುಖದ ಮೇಲೆ ಪ್ಲಾಸ್ಟಿಕ್ ಬಲೆ ಬಿಗಿದು ಮೇಜಿಗೆ ಸಿಕ್ಕಿಸ್ತಾರಂತೆ, ಒಂದಿಷ್ಟೂ ಅಲ್ಲಾಡೋ ಹಾಗಿಲ್ಲ. ಯಂತ್ರ ನಡೆಯೋದು ಏಳೇ ನಿಮಿಷ. ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಆರು ಗಂಟೆ.

"ಏಳು ನಿಮಿಷದ ಕೆಲಸಕ್ಕೆ ದಿನವೆಲ್ಲ ಹೋಯ್ತು ಕಣಕ್ಕ. ನಮ್ಮ ಡಿಪೋನೇ ವಾಸಿ."

ಮಾರ್ಚ್ 14, ಗುರುವಾರ

ಬರೆಯೋಕೇನಿಲ್ಲ. ಪ್ರೋಗ್ರಾಂ ಓಡ್ತಿದೆ.

ಮಾರ್ಚ್ 18, ಸೋಮವಾರ

ಬಂತು. ಒಂದು ತುಂಡು ಕೂಡಿಕೊಳ್ಳೋಕೆ ಸರಾಸರಿ ಎಪ್ಪತ್ತು ನಿಮಿಷ. ಅದನ್ನ ಮುಂದಿನ ಪ್ರೋಗ್ರಾಮಿಗೆ ಕೊಟ್ಟರೆ, ನಾಲ್ಕು ಗಂಟೆ ಹೊತ್ತಿಗೆ ನೂರಕ್ಕೆ ತೊಂಬತ್ತೇಳು ಜೋಡಣೆ ಮುಗಿದಿರುತ್ತೆ ಅಂತ ಹೇಳ್ತು. ಆರು ಗಂಟೆ ಕಾಯಿಸೋದು ದಂಡ.

ಮುಖ್ಯಸ್ಥರು ಕುರ್ಚಿಯಿಂದ ಎದ್ದೇ ಬಿಟ್ಟರು. ಅವರು ಏಳೋದು ಅಪರೂಪ. "ಮೇಡಂ, ಇದನ್ನೇ ನಾನು ಎರಡು ವರ್ಷದಿಂದ ಬಾಯಿ ಬಿಟ್ಕೊಂಡು ಕಾಯ್ತಿದ್ದೆ" ಅಂದರು. ಶುಕ್ರವಾರ ಆಸ್ಪತ್ರೆಯ ಸಮಿತಿ ಮುಂದೆ ಇಡ್ತಾರಂತೆ.

ಸುಳ್ಳು ಯಾಕೆ ಬರೀಲಿ, ಸಂಖ್ಯೆ ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ಬೆಂಚು. ನಾಲ್ಕು ಗಂಟೆ ಆದರೆ ಅವನು ಒಂದು ಗಂಟೆ ಅನ್ನೋವಷ್ಟರಲ್ಲಿ ಮನೆಯಲ್ಲಿರ್ತಾನೆ. ಖುಷಿಯಾಯ್ತು. ತುಂಬಾ ಖುಷಿಯಾಯ್ತು.

ಮಾರ್ಚ್ 22, ಶುಕ್ರವಾರ

ಸಮಿತಿ ಒಪ್ಪಿತು. ಮೊದಲು ಹನ್ನೆರಡು ಜನರ ಮೇಲೆ ನೋಡೋದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರಿಗೆ ಸೋಮವಾರದಿಂದ ನಾಲ್ಕು ಗಂಟೆ. ಪಟ್ಟಿಯಲ್ಲಿ ನನ್ನ ತಮ್ಮನೂ ಇದ್ದಾನೆ ಅಂತ ಸಭೆಯಲ್ಲಿ ಹೇಳಿದೆ, ಹೇಳಬೇಕಾದದ್ದೇ. ಬರ್ಕೊಂಡರು. ಡಾಕ್ಟರು, "ಹಾಗಿದ್ರೆ ನೀವು ಇನ್ನೂ ಎರಡು ಸಲ ಜಾಸ್ತಿ ನೋಡಿರ್ತೀರಿ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ತಟ್ಟೆಯಮ್ಮ ಸಭೆಯಲ್ಲಿ ನರದ ಕೋಶದ ಮಾತೆತ್ತಿದರು. ಮುಖ್ಯಸ್ಥರು ನನ್ನ ಕಡೆ ನೋಡಿದರು. "ಬಣ್ಣದ ತೊಂದರೆ" ಅಂದೆ. ಅಲ್ಲಿಗೆ ಮುಗೀತು.

ಮಾರ್ಚ್ 25, ಸೋಮವಾರ

ಮಧ್ಯಾಹ್ನ ಒಂದಕ್ಕೆಲ್ಲ ಅವನು ಮನೆಯಲ್ಲಿದ್ದ. ಸಂಜೆ ಹೋಗಿ ನೋಡಿದೆ. ಚೆನ್ನಾಗಿ ನಿದ್ದೆ ಮಾಡಿದ್ದ, ಗಡ್ಡ ಹೆರೆದಿದ್ದ. ಗಂಟಲು ಉರಿ, ಮಾತು ಪಿಸುಗುಡೋ ಮಟ್ಟಕ್ಕೆ ಇಳಿದಿದೆ. ಡಿಪೋದಲ್ಲಿ ಮೈಕ್ ಇಲ್ಲದೆಯೇ ಕೂಗಿ ಬಸ್ಸು ನಿಲ್ಲಿಸ್ತಿದ್ದ ಗಂಟಲು ಅದು.

"ನಿನ್ನ ಪುಣ್ಯ ಕಣಕ್ಕ" ಅಂತ ಪಿಸುಗುಟ್ಟಿದ.

ಅವನ ಹೆಂಡತಿ ಹಾಲು ಬಿಸಿ ಮಾಡಿ ತಂದಳು, ನನಗೂ ಒಂದು ಲೋಟ. ಕುಡಿದು ಬಂದೆ. ಮನಸ್ಸು ಹಗುರವಾಗಿತ್ತು.

ಮಾರ್ಚ್ 26, ಮಂಗಳವಾರ

ಮುಖ್ಯಸ್ಥರು ಪ್ರಬಂಧದ ಮೊದಲ ಕರಡು ಕೇಳ್ತಿದ್ದಾರೆ. ಅರ್ಧ ಆಯ್ತು.

ಮಾರ್ಚ್ 27, ಬುಧವಾರ

ಕೂತಿದ್ದೀನಿ, ಬರೀತೀನಿ. ಆದದ್ದು ಆದ ಹಾಗೆ.

ತಮ್ಮನ ಹೆಂಡತಿಗೆ ಶಾಲೆಯಲ್ಲಿ ಪರೀಕ್ಷೆ ಡ್ಯೂಟಿ ಬಿತ್ತು. ಅವಳ ಬದಲಿಗೆ ಕಾರಿಡಾರಿನಲ್ಲಿ ನಾನು ಕೂರಬೇಕಾಯ್ತು. ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಪ್ರಬಂಧ ಬರೀತಿದ್ದೆ. ಬೆಂಚು ಎಷ್ಟು ಗಟ್ಟಿ ಅಂದರೆ ಅರ್ಧ ಗಂಟೆಗೆ ಸೊಂಟ ಹಿಡ್ಕೊಳ್ತು. ಇವನು ಎರಡು ವಾರ ಇದರ ಮೇಲೆ ದಿನಾ ಆರು ಗಂಟೆ ಕೂತಿದ್ದ.

ಹೊತ್ತು ಹೋಗಲಿ ಅಂತ ಡಿಪೋದ ಕತೆ ತೆಗೆದ. ಮಾತಿಗೊಮ್ಮೆ ನೀರು ಗುಟುಕರಿಸ್ತಾ, ಪಿಸುಮಾತಿನಲ್ಲೇ.

"ಹೋದ ವರ್ಷ ನಮ್ಮ ಡಿಪೋಗೆ ಪ್ರಶಸ್ತಿ ಬಂತಲ್ಲ, ಸರಿಯಾದ ಟೈಮಿಗೆ ಬಸ್ಸು ಓಡಿಸ್ತಾರೆ ಅಂತ. ಹೆಂಗೆ ಬಂತು ಗೊತ್ತಾ?"

"ನೀವು ಸರಿಯಾದ ಟೈಮಿಗೆ ಓಡಿಸಿದ್ರಿ."

"ಎಲ್ಲಿ ಓಡಿಸಿದ್ವಿ. ನನ್ನ ರಿಜಿಸ್ಟರಿನಲ್ಲಿ ಬಂದ ಹೊತ್ತು ಅಂತ ಒಂದು ಕಾಲಂ. ಬಸ್ಸು ಬಂದರೆ ಬರೀತೀನಿ. ದಾರಿಯಲ್ಲಿ ಕೆಟ್ಟು ನಿಂತ್ರೆ ಅದು ಬರೋದೇ ಇಲ್ಲ, ಕಾಲಮ್ಮಿನಲ್ಲಿ ಆ ಮನೆ ಖಾಲಿ. ಮೇಲಿನ ಆಫೀಸಿನವರು ತುಂಬಿರೋ ಮನೆಗಳ ಸರಾಸರಿ ತೆಗೆದ್ರು. ಖಾಲಿ ಇದ್ದಿದ್ದನ್ನ ಬಿಟ್ಟರು. ನಮ್ಮದು ಊರಲ್ಲೇ ಅತಿ ಹಳೆ ಬಸ್ಸು ಕಣಕ್ಕ, ದಿನಾ ಏಳೆಂಟು ದಾರಿಯಲ್ಲೇ ಮಲಗ್ತಾವೆ. ಒಂದು ಗಂಟೆ ಮೇಲೆ ತಡ ಆಗೋ ಬಸ್ಸೆಲ್ಲ ಬರದೇ ಇದ್ದದ್ದಕ್ಕೇ ನಾವು ಫಸ್ಟು."

ನಾನು ನಗೋಕೆ ಬಾಯಿ ತೆರೆದೆ. ನಗದೆ ಲ್ಯಾಪ್‌ಟಾಪ್ ಮುಚ್ಚಿದೆ.

"ಯಾಕಕ್ಕ?"

"ಏನಿಲ್ಲ. ನಿನ್ನ ಸರದಿ ಬಂತು, ಎದ್ದೇಳು."

ಹನ್ನೆರಡರ ಸರದಿ ಮುಗಿಸಿ, ಅವನನ್ನ ಮನೆಗೆ ಬಿಟ್ಟು ಲ್ಯಾಬಿಗೆ ಬಂದೆ. ಪ್ರೋಗ್ರಾಂ ತೆಗೆದೆ. ಹುಡುಕೋದೇನೂ ಬೇಕಿರಲಿಲ್ಲ, ಆ ಸಾಲು ಎಲ್ಲಿದೆ ಅಂತ ಗೊತ್ತಿತ್ತು. ನವೆಂಬರಿನಲ್ಲಿ ನಾನೇ ಸೇರಿಸಿದ್ದು. ನಮ್ಮ ಪ್ರಶ್ನೆ ನಾಲ್ಕು ಗಂಟೆಯದ್ದು ಅಂತ ಪ್ರೋಗ್ರಾಮನ್ನ ನಾಲ್ಕು ಗಂಟೆಗೇ ನಿಲ್ಲಿಸ್ತಿದ್ದೆ. ಅಷ್ಟರೊಳಗೆ ಕೂಡಿಕೊಳ್ಳದ ತುಂಡಿಗೆ ಮುಗಿದ ಹೊತ್ತು ಅನ್ನೋದೇ ಇಲ್ಲ, ಅದರ ಮನೆ ಖಾಲಿ. ಖಾಲಿ ಮನೆ ಬಂದಾಗಲೆಲ್ಲ ವರದಿ ಅರ್ಧಕ್ಕೆ ನಿಂತು ತಲೆ ತಿಂತಿತ್ತು. ಅದಕ್ಕೆ ಒಂದು ಸಾಲು ಸೇರಿಸಿದ್ದೆ: ಖಾಲಿ ಇದ್ದರೆ ಬಿಟ್ಟು ಮುಂದೆ ಹೋಗು. ಅವತ್ತಿನಿಂದ ವರದಿ ನಿಲ್ಲಲೇ ಇಲ್ಲ.

ನರದ ಗುಂಪಿನಲ್ಲಿ ಖಾಲಿ ಮನೆ ಎಷ್ಟು ಅಂತ ಎಣಿಸಿದೆ. ನೂರಕ್ಕೆ ಇಪ್ಪತ್ತೊಂಬತ್ತು. ಬೇಗ ಮುಗಿಸಿದವರನ್ನಷ್ಟೇ ಕರೆದು ನಿಮಗೆಷ್ಟು ಹೊತ್ತಾಯ್ತು ಅಂತ ಕೇಳಿ, ಎಲ್ಲರದ್ದೂ ಬೇಗ ಆಗುತ್ತೆ ಅಂತ ಸಾರಿದ್ದೀನಿ.

ಗಂಟಲ ಹಿಂದೆಯೇ ಬೆನ್ನುಹುರಿ ಇದೆ. ಅದರ ಕೋಶಗಳೇ ನಿಧಾನದವು. ಮೊದಲ ಏಟು ವಾಸಿಯಾಗೋ ಮುಂಚೆ ಎರಡನೇ ಏಟು ಬಿದ್ದರೆ ಒಳಗೇ ಸೇರ್ತಾ ಹೋಗುತ್ತೆ. ಮೂರು ದಿನ ಬಿದ್ದಿದೆ. ಹನ್ನೆರಡು ಜನಕ್ಕೆ.

ಐದು ಗಂಟೆಗೆ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. "ಸರಿ ಮೇಡಂ, ಮತ್ತೆ ಓಡಿಸಿ. ಎಷ್ಟು ವ್ಯತ್ಯಾಸ ಬರುತ್ತೆ ನೋಡೋಣ. ಸಂಖ್ಯೆ ಕೈಗೆ ಬಂದ ಮೇಲೆ ಶುಕ್ರವಾರ ಕೂತು ಮಾತಾಡೋಣ."

"ನಾಳೆ ಬೆಳಿಗ್ಗೆ ಎಂಟಕ್ಕೆ ಮತ್ತೆ ಯಂತ್ರ ಶುರುವಾಗುತ್ತೆ ಸರ್."

"ವ್ಯತ್ಯಾಸ ಏನೂ ಇಲ್ಲ ಅಂತ ಬಂದ್ರೆ? ಸುಮ್ನೆ ಊರಿಗೆಲ್ಲ ಟಾಂ ಟಾಂ ಹೊಡೆದ ಹಾಗಾಗುತ್ತೆ. ಎರಡು ದಿನ ತಡೀರಿ."

ನಾನೂ ಒಂದು ಕ್ಷಣ ಹಾಗೇ ಯೋಚಿಸಿದೆ, ಅದನ್ನೂ ಇಲ್ಲೇ ಬರೆದಿಡ್ತೀನಿ. ಸಂಖ್ಯೆ ಇಲ್ಲದೆ ನಾನು ಯಾರ ಹತ್ತಿರವೂ ಮಾತಾಡಿದವಳಲ್ಲ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ.

"ನನ್ನ ಲೆಕ್ಕ ತಪ್ಪು. ಎಷ್ಟು ತಪ್ಪು ಅಂತ ಇನ್ನೂ ಗೊತ್ತಿಲ್ಲ. ನಾಳೆ ನಾಲ್ಕು ಗಂಟೆ ಅಂತರ ಇಡಬೇಡಿ."

"ಹನ್ನೆರಡೂ ಜನಕ್ಕೆ?"

"ಹನ್ನೆರಡೂ ಜನಕ್ಕೆ."

"ಸರಿ, ನಿಲ್ಲಿಸ್ತೀನಿ" ಅಂದರು.

ಮಾರ್ಚ್ 28, ಗುರುವಾರ

ಬೆಳಿಗ್ಗೆ ಸಂಖ್ಯೆ ಬಂತು. ನರದ ಗುಂಪಿನಲ್ಲಿ ನಾಲ್ಕು ಗಂಟೆ ಆದಾಗ ಇನ್ನೂ ನೂರಕ್ಕೆ ಮೂವತ್ತು ತುಂಡು ಹಾಗೇ ಇವೆ. ಮೂರು ಅಂದಿದ್ದೆ, ಮೂವತ್ತು. ಆರು ಗಂಟೆಗೆ ಹದಿನಾರು.

ಮುಖ್ಯಸ್ಥರ ಕೋಣೆಯಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ, ಕೂರಿ ಅನ್ನಲಿಲ್ಲ. ಅವರನ್ನ ಕೇಳದೆ ಡಾಕ್ಟರಿಗೆ ಹೇಳಿದ್ದು ತಪ್ಪು ಅಂದರು. ಹೌದು ಅಂದೆ. ಸಮಿತಿಯಲ್ಲಿ ಅವರ ಮಾನ ಹರಾಜಾಯ್ತು ಅಂದರು. ಅದಕ್ಕೂ ಹೌದು ಅಂದೆ.

ತಮ್ಮ ಬೆಂಚಿನ ಮೇಲಿದ್ದ. ಮತ್ತೆ ಎರಡರವರೆಗೆ ಕಾಯಬೇಕು ಅಂತ ನರ್ಸ್ ಹೇಳಿದ್ದರು, ಯಾಕೆ ಅಂತ ಹೇಳಿರಲಿಲ್ಲ. ಪಕ್ಕದಲ್ಲಿ ಕೂತು ಹೇಳಿದೆ. ಸುತ್ತಿಬಳಸಲಿಲ್ಲ. ನನ್ನ ತಪ್ಪು, ಹೀಗೆ ಆಯ್ತು, ಬೆನ್ನುಹುರಿಗೆ ಏಟು ಬಿದ್ದಿರಬಹುದು, ಬಿದ್ದಿದ್ದರೆ ತಿಂಗಳುಗಟ್ಟಲೆ ಆದ ಮೇಲೆ ಗೊತ್ತಾಗುತ್ತೆ.

"ಆ ಖಾಲಿ ಮನೆ ವಿಷಯನಾ?" ಅಂದ. ನನಗಿಂತ ಬೇಗ ಹಿಡಿದ.

"ಹೂಂ."

"ಏನಾಗುತ್ತೆ?"

"ಕುತ್ತಿಗೆ ಬಗ್ಗಿಸಿದ್ರೆ ಕರೆಂಟ್ ಹೊಡೆದ ಹಾಗೆ ಬೆನ್ನಿನಿಂದ ಕಾಲಿಗೆ ಇಳಿಯುತ್ತಂತೆ. ಕೆಲವರಿಗೆ ತಾನಾಗೇ ಹೋಗುತ್ತೆ. ಕೆಲವರಿಗೆ ಕಾಲು ಸೋಲುತ್ತೆ. ಏನೂ ಆಗದೆಯೂ ಇರಬಹುದು."

ಅವನು ಕೈಗಡಿಯಾರ ನೋಡಿಕೊಂಡ. ಹೊತ್ತು ನೋಡೋಕಲ್ಲ, ಅದು ಅವನ ಚಾಳಿ.

"ಸಹಿ ಹಾಕೋ ಮುಂಚೆ ಫಾರಂ ಓದಿದ್ಯಾ?" ಅಂತ ಕೇಳಿದೆ. ಯಾಕೆ ಕೇಳಿದೆನೋ.

"ಐದು ಪುಟ ಇತ್ತು. ಎರಡನೇ ಪುಟದಲ್ಲಿ ನಿಮ್ಮ ಲ್ಯಾಬಿನ ಹೆಸರು ಬಂತು. ಅಲ್ಲಿಗೆ ಸಾಕು ಅಂತ ಬಿಟ್ಟೆ."

ಅಷ್ಟೇ ಅಂದದ್ದು. ಬೈದಿದ್ದರೆ ತಡ್ಕೋತಿದ್ದೆ. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ಮುಖ ತೊಳ್ಕೊಂಡು ಬಂದು ಎರಡು ಗಂಟೆವರೆಗೆ ಕೂತೆ.

ಏಪ್ರಿಲ್ 2, ಮಂಗಳವಾರ

ಉಳಿದ ಹನ್ನೊಂದು ಜನಕ್ಕೂ ಹೇಳಿ ಮುಗಿಸಿದೆ. ಡಾಕ್ಟರು ತಾವೇ ಹೇಳ್ತೀನಿ ಅಂದಿದ್ದರು, ಬೇಡ ಅಂದೆ. ಆಕೆ ಪಕ್ಕದಲ್ಲಿ ನಿಂತಿದ್ದರು.

ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, "ಆಗ್ಲಿ ಬಿಡಮ್ಮ, ಹೇಳಿದ್ಯಲ್ಲ" ಅಂದರು. ದರ್ಜಿ ಹೆಂಗಸಿಗೆ ಅರ್ಥವಾಗಲಿಲ್ಲ, ಮಗಳು ಬಂದ ಮೇಲೆ ಮತ್ತೊಂದು ಸಲ ಹೇಳಿದೆ. ಬಡಗಿಯೊಬ್ಬ ಎದ್ದು ನಿಂತು ಬಿಟ್ಟ. "ನಂಗೆ ಕಾಲು ಹೋದ್ರೆ ಮರ ಕುಯ್ಯೋರು ಯಾರು? ನಿಮ್ಮ ಕಂಪ್ಯೂಟರಾ?" ಕಾರಿಡಾರಿಗೆಲ್ಲ ಕೇಳಿಸ್ತು. ಅವನು ಬೈದು ಮುಗಿಸೋವರೆಗೂ ನಿಂತಿದ್ದೆ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಮಧ್ಯಾಹ್ನ ಕೆಳಗಿನ ಮಹಡಿಗೆ ಇಳಿದೆ. ತಟ್ಟೆಯಮ್ಮ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದರು.

"ನಿಮ್ಮ ಬಣ್ಣ ಸರಿಯಾಗೇ ಇತ್ತು" ಅಂದೆ.

"ನಾಲ್ಕನೇ ಸಲನೂ ತೊಳೆದೆ ಮೇಡಂ. ಹಾಗೇ ಇತ್ತು." ತಲೆ ಎತ್ತಲಿಲ್ಲ. ಆಮೇಲೆ ಕುರ್ಚಿ ಪಕ್ಕಕ್ಕೆ ಸರಿಸಿ, "ಬನ್ನಿ, ನೀವೇ ನೋಡಿ" ಅಂದರು. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನಿಜವಾದ ಕೋಶವನ್ನ ಕಣ್ಣಿಟ್ಟು ನೋಡಿದ್ದು ಇವತ್ತೇ. ಹಸಿರು ಚುಕ್ಕೆಗಳು ಒಂದೊಂದರಲ್ಲೂ ಬೇರೆ ಬೇರೆ ಇದ್ದವು. ಒಂದರಲ್ಲಿ ಏನೂ ಉಳಿದಿಲ್ಲ, ಪಕ್ಕದ್ದರಲ್ಲಿ ಏಳು. ಸುಮಾರು ಹೊತ್ತು ನೋಡಿದೆ.

ಏಪ್ರಿಲ್ 9, ಮಂಗಳವಾರ

ಆ ಯೋಜನೆಯಿಂದ ನನ್ನನ್ನ ತೆಗೆದಿದ್ದಾರೆ. ಕೆಲಸ ಇದೆ, ಪ್ರಬಂಧ ಇಲ್ಲ. ಪ್ರೋಗ್ರಾಂ ತಿದ್ದಿ ಕೊಡೋ ತನಕ ಮಾತ್ರ ನಾನು ಅದಕ್ಕೆ ಕೈ ಹಾಕಬಹುದು. ಬೆಂಚಿನ ಮೇಲೆ ಕೂತೇ ತಿದ್ದುತ್ತಿದ್ದೀನಿ. ಎಂಟರಿಂದ ಎರಡರವರೆಗೆ ಒಳ್ಳೆ ಹೊತ್ತು, ಯಾರೂ ಫೋನ್ ಮಾಡಲ್ಲ. ಕಿಟಕಿ ಪಕ್ಕದ ತುದಿ ಬಡಗಿಯದ್ದು, ಅಲ್ಲಿ ನಾವು ಕೂರಲ್ಲ.

ತಮ್ಮನಿಗೆ ಗುಟುಕು ನೀರು ಇಳಿಯೋಕೂ ಕಷ್ಟ. ಚಮಚದಲ್ಲಿ ತಣ್ಣನೆ ಹಾಲು ಕೊಟ್ಟರೆ ಒಂದೊಂದಕ್ಕೆ ಎರಡು ನಿಮಿಷ ತಗೋತಾನೆ. ಒಂದು ಲೋಟಕ್ಕೆ ಒಂದು ಗಂಟೆ. ಇವತ್ತು ಪೂರ್ತಿ ಕುಡಿದ.

ಏಪ್ರಿಲ್ 17, ಬುಧವಾರ

ಅವನು ಮಾತಾಡೋದು ನಿಲ್ಲಿಸಿದ್ದಾನೆ, ಚೀಟಿ ಬರೀತಾನೆ. ಇವತ್ತಿನ ಚೀಟಿ: "ಬಡಗಿ ನಿನ್ನ ಕಡೆ ನೋಡಿ ತಲೆ ಆಡಿಸಿದ. ನೀನು ನೋಡ್ಲಿಲ್ಲ." ತಿರುಗಿ ನೋಡಿದಾಗ ಅವನು ಒಳಗೆ ಹೋಗಿದ್ದ. ನಾಳೆ ಮಾತಾಡಿಸ್ತೀನಿ.

ಏಪ್ರಿಲ್ 26, ಶುಕ್ರವಾರ

ಕೊನೆಯ ದಿನ. ಎರಡೂ ಹತ್ತಕ್ಕೆ ಹೊರಗೆ ಬಂದ. ಅವನ ಹೆಂಡತಿ ರಜೆ ಹಾಕಿ ಬಂದಿದ್ದಳು. ಮೂವರೂ ಕಾರಿನಲ್ಲಿ ಕೂತೆವು. ಅವಳು ಹಿಂದಿನ ಸೀಟಿನಿಂದ ನನ್ನ ಭುಜದ ಮೇಲೆ ಕೈಯಿಟ್ಟು, ಮನೆ ಬರೋವರೆಗೂ ತೆಗೀಲಿಲ್ಲ.

ಗಡ್ಡೆ ಕರಗಿದೆಯಾ ಅಂತ ಆರು ವಾರ ಬಿಟ್ಟು ನೋಡ್ತಾರೆ. ಬೆನ್ನುಹುರಿಯದ್ದು ಎರಡು ವರ್ಷ ಕಾದು ನೋಡಬೇಕು.

ಜೂನ್ 11, ಮಂಗಳವಾರ

ಗಡ್ಡೆ ಇಲ್ಲ. ಡಾಕ್ಟರು ಮೂರು ಸಲ ಹೇಳಿದರು, ಅವನ ಹೆಂಡತಿ ಮೂರು ಸಲ ಹೇಳಿಸಿದಳು.

ಹನ್ನೆರಡು ಜನದ ಪಟ್ಟಿ ನನ್ನ ಹತ್ತಿರ ಇದೆ. ಡಾಕ್ಟರ ಜೊತೆ ಮಾತಾಡಿ ಈ ಕೆಲಸ ನಾನೇ ತಗೊಂಡೆ: ತಿಂಗಳಿಗೊಂದು ಸಲ ಎಲ್ಲರಿಗೂ ಫೋನ್, ಕುತ್ತಿಗೆ ಬಗ್ಗಿಸಿದ್ರೆ ಏನಾದ್ರೂ ಆಗುತ್ತಾ ಅಂತ ಕೇಳೋದು. ಇಲ್ಲ ಅಂದರೆ ಇಲ್ಲ, ಹೌದು ಅಂದರೆ ಯಾವತ್ತಿನಿಂದ ಅಂತ. ಯಾರೂ ಎತ್ತಲಿಲ್ಲ ಅಂದರೆ ಮತ್ತೆ ಮಾಡೋದು. ಪೋಸ್ಟ್‌ಮ್ಯಾನ್ ಫೋನ್ ಬಿಡೋ ಪೈಕಿ ಅಲ್ಲ, ಸೊಸೆಯ ಕತೆಯೆಲ್ಲ ಹೇಳ್ತಾರೆ. ಬಡಗಿ ಎರಡೇ ಮಾತು: "ಏನಿಲ್ಲ. ಇಡಿ." ದರ್ಜಿಯಮ್ಮನಿಗೆ ಕೈ ಜೋಮು ಹಿಡಿದ ಹಾಗಾಗುತ್ತಂತೆ, ಆದರೆ ಅದು ಮೊದಲಿಂದಲೂ ಇತ್ತಂತೆ. ಹಾಗಂತಲೇ ಬರೆದೆ.

ಈ ತಿಂಗಳು ಕುತ್ತಿಗೆ ಪ್ರಶ್ನೆಗೆ ಹನ್ನೆರಡೂ ಜನರ ಸಾಲಿನಲ್ಲಿ 'ಇಲ್ಲ' ಅಂತಲೇ.

ಜುಲೈ 19, ಶುಕ್ರವಾರ

ಇವತ್ತು ಹನ್ನೊಂದು ಫೋನ್ ಮುಗಿಸಿ, ಹನ್ನೆರಡನೆಯದಕ್ಕೆ ತಮ್ಮನ ಮನೆಗೇ ಹೋದೆ. ಅವನು ಅರ್ಧ ದಿನದ ಡ್ಯೂಟಿಗೆ ಹೋಗೋಕೆ ಶುರು ಮಾಡಿ ಮೂರು ವಾರವಾಯ್ತು. ಗಂಟಲು ಒರಟು, ಆದರೆ ಮಾತು ಬರುತ್ತೆ. ಅವನ ಹೆಂಡತಿ ಶಾಲೆಯಿಂದ ಬಂದಿರಲಿಲ್ಲ. ಊಟದ ಮೇಜಿನ ಮೇಲೆ ಪಟ್ಟಿ ಹರಡಿ ಕೂತೆ.

"ಕುತ್ತಿಗೆ ಬಗ್ಗಿಸಿದ್ರೆ ಏನಾದ್ರೂ?"

ಇಲ್ಲ ಅಂತ ಬರೆಯೋಕೆ ಪೆನ್ನು ಕಾಗದಕ್ಕೆ ತಾಗಿಸಿಯೇ ಇಟ್ಟಿದ್ದೆ.

"ಆಗುತ್ತೆ" ಅಂದ. "ಬಗ್ಗಿದ್ರೆ ಬೆನ್ನಲ್ಲಿ ಜುಂ ಅಂತ ಇಳಿದು ಎರಡೂ ಕಾಲಿಗೆ ಹೋಗುತ್ತೆ. ನೋವಲ್ಲ. ಒಂದು ಥರಾ."

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಸ್ಕ್ಯಾನ್ ಮಾಡೋಣ ಅಂದರು. ಹೆಚ್ಚಿನವರಿಗೆ ಇದು ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತೆ, ಆರು ಗಂಟೆ ಬಿಟ್ಟು ಕೊಟ್ಟವರಿಗೂ ಒಮ್ಮೊಮ್ಮೆ ಬರುತ್ತೆ, ಆ ಮೂರು ದಿನದಿಂದಲೇ ಬಂತಾ ಅಂತ ಯಾರೂ ಹೇಳೋಕಾಗಲ್ಲ ಅಂದರು. ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಅಂತ ಕೇಳಬಹುದಿತ್ತು. ಕೇಳಲಿಲ್ಲ.

"ಏನಂದ್ರು?"

ಹೇಳಿದೆ, ಒಂದೂ ಬಿಡದೆ.

"ಆ ಮೂರು ದಿನದ್ದಾ ಇದು?"

"ಗೊತ್ತಿಲ್ಲ ಕಣೋ. ಆಗಿರಬಹುದು. ನನ್ನಿಂದಲೇ ಆಗಿರಬಹುದು."

ಅವನು ಮೇಜಿನ ಮೇಲಿನ ನೀರಿನ ಲೋಟವನ್ನ ಅತ್ತ ಇತ್ತ ಸರಿಸಿದ. "ಹೇಳೋದೇ ಬೇಡ ಅಂದ್ಕೊಂಡಿದ್ದೆ. ಅವಳಿಗೂ ಹೇಳಿಲ್ಲ. ನಿಂಗೆ ಹೇಳಿದ್ರೆ ಊಟ ಬಿಟ್ಟು ಕೂರ್ತೀಯ."

"ಮತ್ಯಾಕೆ ಹೇಳ್ದೆ?"

"ನೀನು ಬರೀತಿದ್ದೀಯಲ್ಲ."

ಅವನ ಸಾಲಿಗೆ ಬಂದೆ. ಹೌದು ಅಂತ ಬರೆದೆ. ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿದೆ.

ಅವನು ಕನ್ನಡಕ ಹಾಕ್ಕೊಂಡು ಕಾಗದ ತನ್ನ ಕಡೆ ತಿರುಗಿಸಿ ಓದಿದ.

"ಹತ್ತೊಂಬತ್ತಲ್ಲಕ್ಕ. ಶುರುವಾಗಿದ್ದು ಹನ್ನೊಂದನೇ ತಾರೀಖು. ಬೆಳಿಗ್ಗೆ ಆರೂ ಹತ್ತು, ಶೂ ಲೇಸ್ ಕಟ್ಟೋವಾಗ. ಸರಿಯಾಗಿ ಹಾಕು."

ಹತ್ತೊಂಬತ್ತನ್ನ ಹೊಡೆದು ಹಾಕಿ ಹನ್ನೊಂದು ಅಂತ ಬರೆದೆ.